ಚಿಕ್ಕಪ್ಪನ ಹಲ್ಲು ನಿಂತಿತು, ನನ್ನದು ಅಲುಗಾಡಿತು

ಹೆಮ್ಮರಗಾಲದಲ್ಲಿ ಬೇಸಾಯ ಮಾಡುವ ಚಿಕ್ಕಪ್ಪನೂ ತಿ. ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತನಾದ ನಾನೂ ಒಂದೇ ದಿನ ನಂಜನಗೂಡಿನ ಹಲ್ಲಿನ ಡಾಕ್ಟರಮ್ಮನ ಮುಂದೆ ಬಾಯಿ ತೆರೆದೆವು. ಇಬ್ಬರಿಗೂ ಒಂದೊಂದು ದವಡೆಹಲ್ಲು ಬಿದ್ದು ವರ್ಷಗಳಾಗಿ, ಅಲ್ಲಿನ ಮೂಳೆ ಸವೆದಿತ್ತು. ಮೊದಲು ಮೂಳೆಪುಡಿ ತುಂಬಿ, ಅದು ಗಟ್ಟಿಯಾದ ಮೇಲೆ ತಿರುಪು ಕೂರಿಸಿ, ಆಮೇಲೆ ಹಲ್ಲು ಕಟ್ಟಬೇಕು ಎಂದರು.

"ಆರು ತಿಂಗಳು ಕಾಯಬೇಕು. ಬೀಡಿ, ಸಿಗರೇಟು ಮುಟ್ಟಬಾರದು. ಶುಗರ್ ಹತೋಟಿಯಲ್ಲಿರಬೇಕು. ಹಲ್ಲು ಕಟ್ಟಿದ ಮೇಲೂ ಕ್ಲೀನಿಂಗಿಗೆ ಬರ್ತಿರಬೇಕು."

ಚಿಕ್ಕಪ್ಪನಿಗೆ ಎಪ್ಪತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ನಲವತ್ತೈದರ ನಾನು ಗುಂಡುಕಲ್ಲಿನಂತಿದ್ದೆ. ಹೊರಗೆ ಬಂದವನೇ ಛೇಡಿಸಿದೆ: "ನಿಮ್ದು ನಿಲ್ಲಾಕಿಲ್ಲ ಬುಡಿ, ಚಿಕ್ಕಪ್ಪ."

"ನೋಡಾನ ಬುಡ್ಲಾ," ಅಂದರು.

ಅವರು ಬೆಲ್ಲದ ಕಾಫಿ ಬಿಟ್ಟರು, ಹೊತ್ತುಹೊತ್ತಿಗೆ ಮಾತ್ರೆ ನುಂಗಿದರು. ನಾನು ಬಿಟ್ಟದ್ದು ಮನೆಯಲ್ಲಿ ಸೇದುವುದನ್ನು ಮಾತ್ರ. ಕಚೇರಿಯ ಹಿಂದೆ ನಿಂತು ಎರಡು ಸಿಗರೇಟು ಸೇದಿ, ಏಲಕ್ಕಿ ಜಗಿದು ಬಸ್ಸು ಹತ್ತುತ್ತಿದ್ದೆ. ಒಂದು ದಿನ ಪಹಣಿ ಕೆಲಸಕ್ಕೆ ಯಾರ ಜೊತೆಗೋ ಬಂದಿದ್ದ ಚಿಕ್ಕಪ್ಪ ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದುಬಿಟ್ಟರು. ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಹೊಗೆ ಹೆಗಲ ಮೇಲಿಂದ ಏಳುತ್ತಿತ್ತು.

"ಏನ್ಲಾ, ಬೆನ್ನಿಗೆ ಇಂಜಿನ್ ಇಕ್ಕುಸ್ಕಂಡಿದ್ದೀಯಾ?"

"ಮನೇಲಿ ಯೋಳ್ಬೇಡಿ, ಚಿಕ್ಕಪ್ಪ."

"ನಾ ಯಾಕ್ಲಾ ಯೋಳ್ಲಿ? ನಿನ್ ಬಾಯಲ್ಲಿರೋ ಅಲ್ಲೇ ಯೋಳ್ತದೆ, ಓಗು."

ಇಬ್ಬರಿಗೂ ಹಲ್ಲು ಕಟ್ಟಿದ್ದಾಯಿತು. ವರ್ಷ ತುಂಬುವುದರೊಳಗೆ ನನ್ನದು ನಾಲಗೆ ತಾಗಿದರೂ ಅಲುಗಾಡತೊಡಗಿತು. ಡಾಕ್ಟರಮ್ಮ ಎಕ್ಸ್‌ರೇ ನೋಡಿ, ತುಂಬಿದ ಮೂಳೆ ಕರಗಿದೆ, ತಿರುಪಿಗೆ ಹಿಡಿತವೇ ಇಲ್ಲ ಎಂದು, "ಸೇದ್ತೀರಾ?" ಎಂದು ಕೇಳಿದರು.

ನಾನು ಬಾಯಿ ಬಿಡುವ ಮೊದಲೇ ಜೊತೆಗೆ ಬಂದಿದ್ದ ನನ್ನ ಹೆಂಡತಿ, "ಇಲ್ಲ ಮೇಡಂ, ಇವ್ರು ಏಲಕ್ಕಿ ಬಿಟ್ರೆ ಇನ್ನೇನೂ ಬಾಯಿಗಾಕಲ್ಲ," ಎಂದಳು. ಡಾಕ್ಟರಮ್ಮ ಮಾಸ್ಕಿನೊಳಗೇ ನಕ್ಕರು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ತಿರುಪು ಹೊರಬಂತು. ಮನೆ ಮುಟ್ಟಿದವಳೇ ಹೆಂಡತಿ ಏಲಕ್ಕಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಅಂದು ಸಂಜೆ ಚಿಕ್ಕಪ್ಪ ನನ್ನ ಯೋಗಕ್ಷೇಮ ವಿಚಾರಿಸಲು ಬಂದರು. ಕೈಯಲ್ಲಿ ಕೋಡುಬಳೆ ಪೊಟ್ಟಣ. ನಾನು ಗಂಜಿ ಕುಡಿಯುತ್ತಿದ್ದರೆ ಎದುರಿಗೆ ಕೂತು, ಹೊಸ ಹಲ್ಲಿನ ಕಡೆಯಿಂದಲೇ ಒಂದೊಂದನ್ನೂ ಕಟಕಟನೆ ಕಡಿದರು.

ಸಿಟ್ಟಿಗೋ ನಾಚಿಕೆಗೋ, ಆ ವಾರವೇ ಸಿಗರೇಟು ಬಿಟ್ಟೆ. ಮತ್ತೆ ಮೂಳೆ ತುಂಬಿಸಿಕೊಂಡು, ಈ ಸಲ ನಿಯತ್ತಾಗಿ ಕಾದೆ. ಎರಡನೆಯ ಹಲ್ಲು ಕಟ್ಟಿ ಮೂರು ವರ್ಷವಾಯಿತು, ಗಟ್ಟಿಯಾಗಿದೆ. ಆರು ತಿಂಗಳಿಗೊಮ್ಮೆ ನಾವಿಬ್ಬರೂ ಒಟ್ಟಿಗೇ ಕ್ಲೀನಿಂಗಿಗೆ ಹೋಗುತ್ತೇವೆ. ಕುರ್ಚಿಯ ಮೇಲೆ ಮೊದಲು ಕೂರುವವರು ಚಿಕ್ಕಪ್ಪ. ಸೀನಿಯರ್ ಅಂತೆ.