ಬ್ರೇಕಿನ ಮೇಲೆ ಹೊರಿಸಿದ ತಪ್ಪು

ಗೌರಿ ಮಾಮಿ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಎದುರು ಹತ್ತಿ ಬರುವವರನ್ನು ಮದುವೆಮನೆಯ ಬಾಗಿಲಲ್ಲಿ ನಿಂತವರ ಹಾಗೆ "ಬನ್ನಿ, ಬನ್ನಿ" ಎಂದು ಕರೆಯುತ್ತಿದ್ದರು. ಊಟಿ ಕಡೆಯ ಅರವಂಕಾಡಿನಿಂದ ನಮ್ಮ ಊರು, ಅಂದರೆ ಹಟ್ಟಿಗೆ ಬರುವ ರಸ್ತೆ ಒಂದೇ ಗಾಡಿಯಷ್ಟು ಅಗಲ, ಎರಡೂ ಕಡೆ ಟೀ ತೋಟ. ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕೆಂಬುದು ಬೆಟ್ಟದ ವಾಡಿಕೆ. ಮಾಮಿಗೆ ಅದು ವ್ರತವೇ ಆಗಿತ್ತು. ದೂರದ ತಿರುವಿನಲ್ಲಿ ಗಾಡಿಯ ಮೂಗು ಕಂಡರೆ ಸಾಕು, ಅಂಚಿಗೆ ಸರಿದು ನಿಂತುಬಿಡುತ್ತಿದ್ದರು.

ಮಾಮಿ ನನ್ನ ಅಪ್ಪನ ಅಕ್ಕ, ಶಾಲೆಯಲ್ಲಿ ಟೀಚರ್ ಆಗಿದ್ದವರು, ನಮ್ಮ ಹಟ್ಟಿಯಲ್ಲಿ ಮೊದಲು ಕಾರು ಓಡಿಸಿದ ಹೆಂಗಸು. ಅವರ ಪುಟ್ಟ ಬಿಳಿ ಕಾರು ನನ್ನ ಓರಗೆಯದು. ಎಡಬಾಗಿಲನ್ನು ಎರಡು ಸಲ ಬಡಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಯಾರಾದರೂ ನಕ್ಕರೆ, "ವಂಡಿಗೆ ವಯಸ್ಸಾಗಿರೋದು, ಬುದ್ಧಿಗಲ್ಲ" ಎನ್ನುತ್ತಿದ್ದರು.

ಒಮ್ಮೆ ಹೀಗೆ ದಾರಿ ಬಿಟ್ಟು ನಿಂತಾಗ ಹಿಂದಿದ್ದ ಮೈಸೂರಿನ ಪ್ರವಾಸಿಯೊಬ್ಬ ಒಂದೇ ಸಮನೆ ಹಾರ್ನ್ ಹೊಡೆದ. ಮಾಮಿ ಇಳಿದು ಅವನ ಕಿಟಕಿಯ ಬಳಿ ಹೋದರು. "ಹತ್ತುವವ ನಿಂತರೆ ಹಿಂದಕ್ಕೆ ಜಾರುತ್ತಾನೆ. ನೀ ನಿಂತರೆ ಏನು ಜಾರುತ್ತೆ? ನಿನ್ನ ಮಾನವಾ?" ಕಾಲೇಜು ಹುಡುಗಿಯಾಗಿದ್ದ ನಾನು ಸೀಟಿನಲ್ಲಿ ಮುದುಡಿ ಕೂತಿದ್ದೆ. ಆ ನಾಚಿಕೆ ಈಗ ನೆನೆದರೆ ನಗು ಬರುತ್ತದೆ. ಆಮೇಲಿನದಕ್ಕೆ ನಗು ಬರುವುದಿಲ್ಲ.

ಎರಡು ವರ್ಷದ ಹಿಂದೆ ಹಾಡುಹಗಲಲ್ಲಿ, ಅದೇ ರಸ್ತೆಯಲ್ಲಿ ಇಳಿಯುತ್ತಿದ್ದೆವು. ಬಲಕ್ಕೆ ಬಾಗಿದ ದಾರಿಯಲ್ಲಿ ಟೀ ಎಲೆಯ ಲಾರಿ ಹತ್ತಿ ಬರುತ್ತಿತ್ತು. ಮಾಮಿ ನಿಲ್ಲಿಸಲಿಲ್ಲ. ನಾನು ಕಿರುಚಿದ ಮೇಲೆ ಬ್ರೇಕ್ ತುಳಿದರು. ಕಾರು ಅಂಚಿನ ದಿಣ್ಣೆಗೆ ಮೂಗು ಕೊಟ್ಟು ನಿಂತಿತು. ಲಾರಿಯಿಂದ ನಮ್ಮ ಹಟ್ಟಿಯ ಹುಡುಗನೇ ಇಳಿದ. "ಮಾಮೀ, ನೀವಾ?" ಎಂದ. ಆ 'ನೀವಾ' ಅವರಿಗೆ ಎಲ್ಲಿ ನಾಟಿತೆಂದು ನಾನು ಕಂಡೆ.

"ಬ್ರೇಕ್ ಹಿಡೀಲಿಲ್ಲೆ," ಎಂದರು ಮಾಮಿ, ನನ್ನ ಕಡೆ ತಿರುಗಿ.

"ಹೌದು, ಬ್ರೇಕ್," ಎಂದೆ.

ಊಟಿಯ ವರ್ಕ್‌ಶಾಪಿನವರು ಕಾರನ್ನು ತಳದಿಂದ ತಲೆಯವರೆಗೆ ನೋಡಿದರು. ಬ್ರೇಕಿಗೆ ಏನೂ ಆಗಿರಲಿಲ್ಲ. ಮುಂಭಾಗ ಸರಿಮಾಡಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಓಡುತ್ತದೆ ಎಂದರು. ಅದನ್ನು ನಾನು ಮನೆಯಲ್ಲಿ ಹೇಗೆ ಹೇಳಲಿ? ಬ್ರೇಕ್ ಸರಿಯಿತ್ತೆಂದರೆ ಮಾಮಿ ಸುಳ್ಳುಗಾರ್ತಿಯಾಗುತ್ತಾರೆ. ರಿಪೇರಿ ಮಾಡಿಸಿದರೆ ಮತ್ತೆ ಓಡಿಸುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು, "ರಿಪೇರಿ ದಂಡವಂತೆ, ಕಾರು ಮುಗಿಯಿತಂತೆ" ಎಂದುಬಿಟ್ಟೆ.

"ಹಾಗಾದ್ರೆ ಹೊಸದು ತೆಗೆಯೋಣ ಅಕ್ಕ," ಎಂದರು ಅಪ್ಪ.

ಮಾಮಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಬೇಡ, ಬಸ್ಸಿದೆಯಲ್ಲ."

ಕಾರು ಗುಜರಿಗೆ ಹೋಯಿತು. ಮಾಮಿಯ ಮರ್ಯಾದೆ ಉಳಿಸಿದೆನೆಂದು ನಾನು ಒಳಗೊಳಗೇ ಬೀಗಿದೆ. ವರ್ಷ ಕಳೆದು, ಮಾಮಿ ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದ ಮೇಲೆ ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ ಏರಿ ನರ ಹಾಳಾಗಿತ್ತು. ಬಲಗಡೆ ಏನೂ ಕಾಣುತ್ತಿರಲಿಲ್ಲ. "ಒಂದು ವರ್ಷ ಮೊದಲು ಬಂದಿದ್ದರೆ ಇಷ್ಟಾಗಲು ಬಿಡುತ್ತಿರಲಿಲ್ಲ, ಹೋದದ್ದು ಇನ್ನು ಬರುವುದಿಲ್ಲ" ಎಂದರು ಡಾಕ್ಟರು.

ಈ ಸಲದ ಮಳೆಗಾಲದಲ್ಲಿ ಮಾಮಿ ಜ್ವರ ಬಂದು ತೀರಿಕೊಂಡರು. ಅದಕ್ಕೆ ನಾಲ್ಕಾರು ದಿನ ಮೊದಲು ನಾನು ಅವರ ಮಂಚದ ಬಲಗಡೆ ಕೂತು ಗಂಜಿ ಕುಡಿಸುತ್ತಿದ್ದೆ. ತಟ್ಟನೆ ಕೇಳಿದರು: "ಅವತ್ತು ಲಾರಿ ಎನಗೆ ಕಾಣಲೇ ಇಲ್ಲೆ. ನಿನಗೆ ಗೊತ್ತಿತ್ತು, ಅಲ್ವಾ ಕೂಸೇ?"

"ಹೂಂ," ಎಂದೆ.

"ಕಣ್ಣು ಕಾಣ್ತಿಲ್ಲೆಯಾ ಮಾಮೀ ಅಂತ ನೀ ಒಂದು ಸಲ ಕೇಳ್ತೀಯೇನೋ ಅಂತ ಕಾದೆ. ನಾನಾಗಿ ಹೇಳೋಕೆ ನಾಚಿಕೆ. ನೀನೂ ಬ್ರೇಕ್ ಅಂದುಬಿಟ್ಟೆ."

ನನಗೆ ತಡೆಯಲಾಗಲಿಲ್ಲ, ಮುಖ ಮುಚ್ಚಿಕೊಂಡೆ. ಅದೂ ಅವರಿಗೆ ಕಾಣಲಿಲ್ಲ. ಗಂಜಿಗಾಗಿ ಬಾಯಿ ತೆರೆದು ಕಾಯುತ್ತಿದ್ದರು.