ವರ್ಲೀನ್ ನಂಬಿದ ಅಂಕಿ

ವರ್ಲೀನ್ ಗ್ಯಾಡಿಸ್ ಅಮೆರಿಕದ ಮಿಲ್ವಾಕಿ ನಗರದ ಉತ್ತರ ಭಾಗದಲ್ಲಿ, ಕರಿಯರೇ ತುಂಬಿದ ಬೀದಿಯಲ್ಲಿ ವಾಸವಿದ್ದಳು. ಕೆಲಸ ಮಾತ್ರ ಊರಾಚೆ, ಬಿಳಿಯರ ಬಡಾವಣೆಯ ವೃದ್ಧಾಶ್ರಮದಲ್ಲಿ. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಆಯಾ. ಮುದುಕರ ಮೈ ತೊಳೆಯುವುದು, ಹಾಸಿಗೆ ಬದಲಿಸುವುದು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ರಕ್ತದ ಆಮ್ಲಜನಕದ ಅಂಕಿ ನೋಡುವುದು. ಯಾರಾದರೂ ಸುಸ್ತು ಎಂದರೆ ಅವಳ ಕಣ್ಣು ಮುಖಕ್ಕಿಂತ ಮೊದಲು ಅಂಕಿಯ ಮೇಲೆ ಹೋಗುತ್ತಿತ್ತು. ಮುಖ ನಾಟಕವಾಡಬಹುದು, ಯಂತ್ರ ಯಾಕೆ ಸುಳ್ಳು ಹೇಳೀತು?

ಅವಳ ಗಂಡ ಕ್ಲಿಯೋಫಸ್ ಹಂದಿಮಾಂಸದ ಕಾರ್ಖಾನೆಯಲ್ಲಿ ತೊಡೆ ಕೊಯ್ಯುತ್ತಿದ್ದ. ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿತು, ಕಾರ್ಖಾನೆ ಹಾಕಲಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಂತು ಕೊಯ್ಯುವ ಕೆಲಸ. ಮಾಸ್ಕ್ ಕೇಳಿದವರಿಗೆ, ತಲೆಗೂದಲಿಗೆ ಹಾಕುವ ಬಲೆಯನ್ನೇ ಮೂಗಿಗೆ ಕಟ್ಟಿಕೊಳ್ಳಿ ಎಂದರು. ಏಪ್ರಿಲ್ ಮೊದಲ ವಾರ ಕ್ಲಿಯೋಫಸ್‌ಗೆ ಜ್ವರ ಬಂತು. ಐದನೆಯ ದಿನ ಮೆಟ್ಟಿಲು ಹತ್ತಲಾರದೆ ಅರ್ಧದಲ್ಲೇ ಕೂತುಬಿಟ್ಟ. ವರ್ಲೀನ್ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು.

ನರ್ಸ್ ಬೆರಳಿಗೆ ಯಂತ್ರ ಸಿಕ್ಕಿಸಿದಳು. ಡಾಕ್ಟರು ಬಾಗಿಲಲ್ಲೇ ನಿಂತು ಮಾತಾಡಿದ.

"ತೊಂಬತ್ಮೂರಿದೆ. ತೊಂಬತ್ತೆರಡಕ್ಕಿಂತ ಕೆಳಗೆ ಬಂದ್ರಷ್ಟೇ ಸೇರಿಸ್ಕೊಳ್ಳೋದು."

"ಉಸಿರೇ ಸಿಗ್ತಿಲ್ಲ ಡಾಕ್ಟ್ರೇ," ಎಂದ ಕ್ಲಿಯೋಫಸ್.

"ಸಕ್ಕರೆ ಕಾಯಿಲೆ ಇದೆ, ತೂಕಾನೂ ಜಾಸ್ತಿ. ಗಾಬರಿಗೂ ಹಿಂಗಾಗುತ್ತೆ. ಮನೆಗೆ ಹೋಗಿ ಮಲಗಿ."

ಕ್ಲಿಯೋಫಸ್ ಹೆಂಡತಿಯ ಕಡೆ ತಿರುಗಿದ. ಆಶ್ರಮದ ಸಮವಸ್ತ್ರದಲ್ಲೇ ಇದ್ದ ಅವಳು ಒಂದು ಮಾತು ಆಡಬಹುದಿತ್ತು. ಆದರೆ ಅಂಕಿಯನ್ನು ಅವಳೂ ನೋಡಿದ್ದಳು. ಅವನಿಗೆ ಕೋಟು ತೊಡಿಸಿದಳು.

ಮರುದಿನ ಆಶ್ರಮದಲ್ಲಿ ಕ್ರೂಗರ್ ಎಂಬ ಬಿಳಿಯ ಮುದುಕಿಗೆ ಕೆಮ್ಮು. ವರ್ಲೀನಳೇ ಯಂತ್ರ ಸಿಕ್ಕಿಸಿದಳು, ತೊಂಬತ್ತೊಂದು. ಅವಳೇ ಓಡಿಹೋಗಿ ಹೆಡ್ ನರ್ಸನ್ನು ಕರೆದಳು. ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಂದು ಮುದುಕಿಯನ್ನು ಕರೆದೊಯ್ದಿತು.

ಸಂಜೆ ಮನೆಗೆ ಬಂದರೆ ಕ್ಲಿಯೋಫಸ್ ಊಟದ ಮೇಜಿಗೆ ತಲೆಯಾನಿಸಿ ಕೂತಿದ್ದ.

"ಇಷ್ಟು ವರ್ಷ ಕೊಯ್ದ ಹಂದಿಗಳೆಲ್ಲ ಬಂದು ಎದೆ ಮೇಲೆ ಕೂತಿವೆ ಕಣೇ."

ಅವಳು ಚೀಲದಿಂದ ಯಂತ್ರ ತೆಗೆದು ಸಿಕ್ಕಿಸಿದಳು. "ನೋಡು, ತೊಂಬತ್ತೆರಡು. ಎದ್ದು ಸ್ವಲ್ಪ ಓಡಾಡು. ಈ ಗಂಡಸರಿಗೆ ನೆಗಡಿ ಬಂದ್ರೂ ಶವಪೆಟ್ಟಿಗೆ ತರಿಸ್ಬೇಕು!"

ಅವನು ನಕ್ಕ. ನಗು ಕೆಮ್ಮಾಗಿ ನಿಲ್ಲಲೇ ಇಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿದ್ದು ಅವಳಿಗೆ ಕಂಡಿತು. ಅಡುಗೆಮನೆಯ ದೀಪವೇ ಹಾಗೆ ಎಂದುಕೊಂಡಳು.

ಬೆಳಿಗ್ಗೆ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತವನು ಹಾಗೆಯೇ ಗೋಡೆಗೆ ವಾಲಿ ಸತ್ತಿದ್ದ. ಆಂಬುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು.

ಮಣ್ಣಿಗೆ ಹತ್ತೇ ಜನ ಬರಬಹುದೆಂಬ ನಿಯಮ. ಕಾರ್ಖಾನೆಯವರು ಸಂತಾಪದ ಕಾರ್ಡಿನ ಜೊತೆ ಒಂದು ಇಡೀ ಹಂದಿತೊಡೆ ಕಳಿಸಿದ್ದರು. ಕ್ಲಿಯೋಫಸ್‌ನ ತಂಗಿ ಓಝೆಲಾ ಅದನ್ನು ಒದ್ದು ಮೆಟ್ಟಿಲಿಂದ ಉರುಳಿಸಿದಳು. ವರ್ಲೀನ್ ಇಳಿದುಹೋಗಿ ಎತ್ತಿಕೊಂಡು ಬಂದಳು. ಅಂಗಡಿಗಳು ಬರಿದಾಗಿದ್ದವು, ಬಂದವರಿಗೆ ಬಡಿಸಲು ಬೇರೇನೂ ಇರಲಿಲ್ಲ. ತೊಳೆದು, ಬೇಯಿಸಿ, ತಾನೂ ಒಂದು ತುಂಡು ತಿಂದಳು.

ಮೂರು ವಾರಕ್ಕೆ ಕ್ರೂಗರ್ ಮುದುಕಿ ಗುಣವಾಗಿ ಬಂದಳು.

"ಆ ಆಸ್ಪತ್ರೆ ಸೂಪಿಗೆ ಉಪ್ಪೇ ಇಲ್ಲ, ವರ್ಲೀನ್. ನಿನ್ನ ಗಂಡ ಹೇಗಿದಾನೆ?"

"ಚೆನ್ನಾಗಿದಾರೆ ಮೇಡಂ," ಎಂದು ವರ್ಲೀನ್ ಅವಳ ಬೆನ್ನು ತೊಳೆದಳು.

ಜನವರಿಯಲ್ಲಿ ಆಶ್ರಮಕ್ಕೆ ಹೊಸ ಡಾಕ್ಟರೊಬ್ಬಳು ಬಂದಳು. ಯಂತ್ರವನ್ನು ಕೈಯಲ್ಲಿ ಹಿಡಿದು, ಹವಾಮಾನದ ಮಾತಾಡಿದ ಹಾಗೆ ಹೇಳಿದಳು: "ಕಪ್ಪು ಚರ್ಮದೋರಿಗೆ ಇದು ಎಷ್ಟೋ ಸಲ ಜಾಸ್ತಿ ತೋರಿಸುತ್ತೆ. ತೊಂಬತ್ಮೂರು ಅಂದ್ರೆ ಒಳಗೆ ಎಂಬತ್ತೈದೂ ಇರಬಹುದು. ಮೂವತ್ತು ವರ್ಷದಿಂದ ಗೊತ್ತಿರೋ ವಿಷಯ."

"ಯಾರಿಗೆ ಗೊತ್ತಿರೋದು?" ಎಂದಳು ವರ್ಲೀನ್.

ಡಾಕ್ಟರು ತಲೆಯೆತ್ತಿ ನೋಡಿದಳು. ವರ್ಲೀನ್ ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಕೊಳೆಯಾದ ಹಾಸಿಗೆ ಬಟ್ಟೆಯಲ್ಲಿ ಮುಖ ಹುದುಗಿಸಿ ಕಿರುಚಿದಳು.

ಅದೇ ತಿಂಗಳು ಓಝೆಲಾ ಕಾಯಿಲೆ ಬಿದ್ದಳು. ಅದೇ ಆಸ್ಪತ್ರೆ, ಅಂಕಿ ತೊಂಬತ್ನಾಲ್ಕು, ಮನೆಗೆ ಹೋಗಿ ಎಂಬ ಅದೇ ಮಾತು. ವರ್ಲೀನ್ ಬಾಗಿಲಿಗೆ ಅಡ್ಡ ನಿಂತಳು.

"ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದು ನೋಡಿ. ನಿಜವಾದ ಅಂಕಿ ಅದ್ರಲ್ಲೇ ಗೊತ್ತಾಗೋದು."

"ಅದರ ಅಗತ್ಯ ಇಲ್ಲ. ದನಿ ತಗ್ಗಿಸಿ," ಎಂದ ಅಲ್ಲಿನ ಡಾಕ್ಟರು.

"ತಗ್ಗಿಸಲ್ಲ! ತಗ್ಗಿಸಿ ಒಬ್ಬನ್ನ ಮಣ್ಣು ಮಾಡಿ ಬಂದಿದೀನಿ. ರಕ್ತ ತೆಗೀರಿ!"

ಕಾವಲುಗಾರನನ್ನು ಕರೆಸಿದರು. ಅವನೂ ಕರಿಯನೇ. "ಅಮ್ಮಾ, ನನ್ನ ಕೈಲಿ ಈ ಕೆಲಸ ಮಾಡಿಸ್ಬೇಡ," ಎಂದು ತೋಳು ಹಿಡಿದ. ಅವಳು ನೆಲಕ್ಕೆ ಕೂತು, ಓಝೆಲಾಳ ಗಾಲಿಕುರ್ಚಿಯ ಚಕ್ರವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಳು. ಕಡೆಗೆ, ಇವಳ ಕಾಟ ತಪ್ಪಲಿ ಎಂದು ರಕ್ತ ತೆಗೆದರು. ಎಂಬತ್ತೊಂದು. ನಿಮಿಷಗಳಲ್ಲಿ ಓಝೆಲಾಳನ್ನು ಒಳಗೆ ತಳ್ಳಿಕೊಂಡು ಹೋದರು. ಹತ್ತೊಂಬತ್ತು ದಿನ ಇಟ್ಟುಕೊಂಡು ಬದುಕಿಸಿ ಕಳಿಸಿದರು.

ವರ್ಲೀನ್ ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು ಹೊತ್ತು ನೋಡಲು ಹೋದಳು. ಓಝೆಲಾ ಮೂಗಿಗೆ ನಳಿಕೆ ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದಳು.

"ನನಗೋಸ್ಕರ ನೆಲದ ಮೇಲೆ ಕೂತು ಕಿರುಚಿದೆಯಲ್ಲ?"

"ಹೂಂ."

"ನಮ್ಮಣ್ಣನಿಗೋಸ್ಕರ ಯಾಕೆ ಕಿರುಚಲಿಲ್ಲ?"

"ಆವಾಗ ನಂಗೆ ಗೊತ್ತಿರಲಿಲ್ಲ, ಓಝೆಲಾ. ಅಂಕಿ ಸರಿಯಾಗಿತ್ತು."

"ಉಸಿರು ಸಿಗ್ತಿಲ್ಲ ಅಂತ ಅವನು ಬಾಯಿಬಿಟ್ಟು ಹೇಳಿದ್ನೋ ಇಲ್ವೋ?"

"ಹೇಳಿದ್ದ."

"ನೀನು ಯಂತ್ರದ ಮಾತು ಕೇಳ್ದೆ." ಓಝೆಲಾ ಏದುಸಿರು ಬಿಡುತ್ತ ಮುಖ ತಿರುಗಿಸಿದಳು. "ತಟ್ಟೆ ತಗೊಂಡು ಹೋಗು. ಬಾಗಿಲು ಎಳ್ಕೋ."

ವರ್ಲೀನ್ ಬಾಗಿಲು ಎಳೆದುಕೊಂಡು ಬಂದಳು. ಈಗಲೂ ಇಬ್ಬರೂ ಒಂದೇ ಚರ್ಚಿಗೆ ಹೋಗುತ್ತಾರೆ. ಓಝೆಲಾ ಎಡಗಡೆಯ ಬೆಂಚು, ವರ್ಲೀನ್ ಬಲಗಡೆಯ ಕೊನೆಯ ಬೆಂಚು.