ಬಿರುಕು ಕಾಣದ ಕಾರು, ಕಾಜ್ ಗೋರ್ಸ್ಕಿಯ ಅಂಗೈ

ಸೀಸ ವಿಷ. ನಿಮಗೆ ಗೊತ್ತಿರಬೇಕು. ಅದರ ಹೊಗೆಯಲ್ಲಿ ಜನರನ್ನು ನಿಲ್ಲಿಸಿದವರಿಗೂ ಗೊತ್ತಿತ್ತು. ಕಾಜ್ ಗೋರ್ಸ್ಕಿಗೆ ಅವರು ಹೇಳಿದ್ದು ಮಾತ್ರ ಬೇರೆ: ಹಾಲು ಕುಡಿ, ತೊಳೆದುಹೋಗುತ್ತದೆ.

ಕಾರು ಕಾರ್ಖಾನೆಗಳ ಊರಾದ ಹ್ಯಾಮ್‌ಟ್ರ್ಯಾಮಕ್‌ನ ನಮ್ಮ ಬೀದಿಯಲ್ಲಿ ಕಾಜ್‌ನದು ಎದುರು ಮನೆ. ಅರವತ್ತರ ದಶಕದ ಕೊನೆಗೆ, ಲಾರಿಗೆ ಸಾಲುವಷ್ಟು ಎಂಜಿನ್ ಹೊತ್ತ ದಪ್ಪ ಮೂತಿಯ ಕಾರುಗಳು ಸಾಲುಗಟ್ಟಿ ಹೊರಬರುತ್ತಿದ್ದಾಗ, ಅವನು ಕಾರ್ಖಾನೆಯ ಸೀಸದ ಕೋಣೆಯಲ್ಲಿದ್ದ. ಕಾರಿನ ಚಾವಣಿಯೂ ಹಿಂಬದಿಯ ತಗಡೂ ಕೂಡುವಲ್ಲಿ ಒಂದು ಬಿರುಕು ಉಳಿಯುತ್ತದೆ. ಅಲ್ಲಿ ಸೀಸ ಕರಗಿಸಿ ಮೆತ್ತಬೇಕು, ಮರದ ಪಟ್ಟಿಯಿಂದ ಸವರಬೇಕು, ಆರಿದ ಮೇಲೆ ಅರ ಹಾಕಿ ಉಜ್ಜಬೇಕು. ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸಬೇಕು. ಕಣ್ಣು ಮೋಸಹೋಗುತ್ತದೆ, ಅಂಗೈ ಹೋಗುವುದಿಲ್ಲ ಎಂದು ಆ ಕಸುಬಿನವರ ನಂಬಿಕೆ. ಕಾಜ್‌ನ ಅಂಗೈ ಅಂದರೆ ಕೋಣೆಯ ಕೊನೆಯ ಮಾತು.

ಆಗಾಗ ರಕ್ತಪರೀಕ್ಷೆ ನಡೆಯುತ್ತಿತ್ತು. ಸೀಸ ಹೆಚ್ಚಾದವನನ್ನು ಪೊರಕೆ ಹಿಡಿಯಲು ಕಳಿಸುತ್ತಿದ್ದರು. ಕುಶಲಿಗನಿಗೆ ಅದಕ್ಕಿಂತ ಅವಮಾನ ಇರಲಿಲ್ಲ. ಹಾಗಾಗಿ ಪರೀಕ್ಷೆಯ ಹಿಂದಿನ ದಿನಗಳಲ್ಲಿ ಗಂಡಸರೆಲ್ಲ ಹೊಟ್ಟೆ ಉಬ್ಬುವಷ್ಟು ಹಾಲು ಕುಡಿಯುತ್ತಿದ್ದರು. ಹಾಲನ್ನು ಕಂಪನಿಯೇ ಪುಕ್ಕಟೆ ಕೊಡುತ್ತಿತ್ತು. ಎಂಥ ಔದಾರ್ಯ ನೋಡಿ.

ಸಂಜೆ ಮನೆಗೆ ಬಂದರೆ ಅದೇ ಕೆಲಸ, ಆದರೆ ತನ್ನ ಸಂತೋಷಕ್ಕೆ. ಐವತ್ತನೇ ಇಸವಿಯ ಒಂದು ಮರ್ಕ್ಯುರಿ ಕಾರಿನ ಚಾವಣಿ ಕತ್ತರಿಸಿ, ಗಿಡ್ಡ ಮಾಡಿ, ಮೂಲೆಮೂಲೆಗೂ ಸೀಸ ತುಂಬಿ, ಕಾರನ್ನು ನೆಲಕ್ಕೆ ಕವುಚಿದ ಬೋಗುಣಿಯ ಹಾಗೆ ಮಾಡಿಟ್ಟ. ಅದನ್ನು ಮೀರಿಸುವ ಕಾರು ಈ ಬೀದಿಯಲ್ಲಿ ಬರಲಿಲ್ಲ.

ಈಗ ಪ್ರತಿ ಆಗಸ್ಟಿನಲ್ಲಿ ಹಳೆಯ ಕಾರುಗಳ ಮೆರವಣಿಗೆ. ರಸ್ತೆಯುದ್ದಕ್ಕೂ ಮಡಚುವ ಕುರ್ಚಿ, ಕಿಲ್ಬಾಸಾ ಎಂಬ ಹಂದಿಮಾಂಸದ ಸಾಸೇಜ್ ಸುಡುವ ಹೊಗೆ, ಬಾನೆಟ್ ಎತ್ತಿ ನಿಂತ ಮುದುಕರು. ಈ ಸಲ ಮರ್ಕ್ಯುರಿಯನ್ನೂ ಇಳಿಸುತ್ತೇನೆಂದು ಪಟ್ಟು ಹಿಡಿದವಳು ಕಾಜ್‌ನ ಮೊಮ್ಮಗಳು ಹಲೀನಾ. ನಾಲ್ಕು ತಿಂಗಳ ಬಸುರಿ. ಚಾವಣಿಯ ಬಣ್ಣ ಗುಳ್ಳೆ ಎದ್ದಿತ್ತು. ಉಜ್ಜುವ ಮೆಷಿನ್ ತಂದು ಶುರುಮಾಡಿಯೇಬಿಟ್ಟಳು, ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಂಡು. ಬೂದು ಪುಡಿ ಅವಳ ರೆಪ್ಪೆಯ ಮೇಲೆಲ್ಲ ಕೂತಿತ್ತು.

ಕಾಜ್ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತಿದ್ದ. ಅವನ ಹಳೆಯ ಜೊತೆಗಾರ ಬೆನ್ನಿ ಕ್ರೂಪಾ ಗ್ಯಾರೇಜಿನ ಬಾಗಿಲಿಗೆ ಒರಗಿದ್ದ. ಪತ್ರಿಕೆಗೆ ಬರೆಯುವ ನಾನೂ ಅಲ್ಲೇ ಇದ್ದೆ.

"ಕಾರು ಅಂದ್ರೆ ಇದು ಕಣೋ. ಈಗಿನವು ಮೊಸರಿನ ಡಬ್ಬ. ಒದ್ರೆ ಕಾಲಿಗಂಟ್ಕೊಂಡು ಬರತ್ವೆ," ಅಂದ ಬೆನ್ನಿ.

"ಒದ್ಯೋಕೆ ನಿನ್ನ ಮಂಡಿ ಎಲ್ಲಿ ಏಳತ್ತೆ," ಅಂದ ಕಾಜ್.

ನಾನು ಸೀಸದ ಪುಡಿಯ ಮಾತೆತ್ತಿದೆ. ಬಸುರಿ ಹುಡುಗಿ ಅಂದೆ.

"ಪೇಪರಿನವನು ಬಂದ," ಬೆನ್ನಿ ನಕ್ಕ. "ನಾವು ಇದರಲ್ಲೇ ಮುಳುಗೆದ್ವಲ್ಲ, ಸತ್ವಾ?"

ಕಾಜ್ ಸ್ಟೂಲಿನ ಪಕ್ಕ ಇಟ್ಟುಕೊಂಡಿದ್ದ ಹಾಲಿನ ಡಬ್ಬವನ್ನು ಮೊಮ್ಮಗಳ ಕಡೆ ತಳ್ಳಿದ. "ಇದನ್ನ ಕುಡೀತಾ ಇರು ಮಗು. ಏನೂ ಆಗಲ್ಲ."

ಅವಳು ಕುಡಿದಳು. ಬೂದು ಬೆರಳುಗಳಲ್ಲೇ ಡಬ್ಬ ಹಿಡಿದು.

ಆಮೇಲೆ ಚಾವಣಿಯ ಮೂಲೆ ತೋರಿಸಿ, "ಜಾಜಾ, ಇಲ್ಲಿ ಸಮ ಇದೆಯಾ ನೋಡು," ಎಂದು ಅಜ್ಜನನ್ನು ಕರೆದಳು. ಕಾಜ್ ಎದ್ದ. ಕಣ್ಣು ಮುಚ್ಚಿದ. ಅಂಗೈ ಆಡಿಸಿದ.

"ನೀರಿನ ಹಾಗಿದೆ."

"ತಮಾಷೆ ಮಾಡ್ಬೇಡ. ಇಲ್ಲಿ ಉಬ್ಬಿದೆಯಲ್ಲ."

"ಎಲ್ಲಿ?"

ಅವಳು ಅವನ ಬೆರಳು ಹಿಡಿದು ಉಬ್ಬಿನ ಮೇಲೆ ಒತ್ತಿದಳು. ನಾನೂ ಮುಟ್ಟಿ ನೋಡಿದೆ, ಹುಣಿಸೆ ಬೀಜದಷ್ಟು ಇತ್ತು. ಕಾಜ್ ಕಣ್ಣು ತೆರೆದ. ಉಬ್ಬು ಅವನ ಬೆರಳಿಗೆ ಸಿಕ್ಕಿರಲಿಲ್ಲ.

"ಯಾವಾಗಿಂದ ಜಾಜಾ?"

"ನಿಮ್ಮಮ್ಮನ ಮದುವೆಗೂ ಮುಂಚೆಯಿಂದ."

"ಸಕ್ಕರೆ ಕಾಯಿಲೆ ಅಂತಿದ್ದೆ."

"ಸಕ್ಕರೆ ಇಲ್ಲ ನನಗೆ."

ಬೆನ್ನಿ ನೆಲ ನೋಡಿದ. ಆಮೇಲೆ ತನ್ನ ಕೈಗಳನ್ನು ಜೇಬಿಗೆ ಹಾಕಿಕೊಂಡ.

ಕಾಜ್ ಹೋಗಿ ಮೆಷಿನ್ನಿನ ಪ್ಲಗ್ ಕಿತ್ತ. ಹೇಳಿದ್ದನ್ನೆಲ್ಲ ತಗಡಿನ ಅಳತೆ ಹೇಳುವ ದನಿಯಲ್ಲೇ ಹೇಳಿದ. "ನಿಮ್ಮಜ್ಜಿ ನನ್ನ ಕೆಲಸದ ಬಟ್ಟೇನ ಹಿತ್ತಲ ಮೆಟ್ಟಿಲಲ್ಲಿ ಕೊಡವಿ ಒಗೀತಿದ್ಲು. ನಿಮ್ಮಮ್ಮನಿಗಿಂತ ಮುಂಚೆ ಎರಡು ಸಲ ಬಸುರು ನಿಲ್ಲಲಿಲ್ಲ ಅವಳಿಗೆ. ಡಾಕ್ಟ್ರು ನಿನ್ನ ಗಂಡನ ಕೆಲಸ ಏನು ಅಂತ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಹೇಳಿದ್ರೆ ಪೊರಕೆ ಹಿಡಿಬೇಕಿತ್ತು."

"ಮತ್ತೆ ಈಗ ನನಗೆ ಹಾಲು ಕೊಟ್ಯಲ್ಲ."

"ಕೊಟ್ಟೆ."

"ಯಾಕೆ?"

"ಹಾಲಿನ ಮಾತು ಸುಳ್ಳಾದ್ರೆ ಉಳಿದಿದ್ದೆಲ್ಲ ನಿಜ ಆಗತ್ತಲ್ಲ."

ಡಬ್ಬ ಎತ್ತಿ ಉಳಿದ ಹಾಲನ್ನು ಮೋರಿಗೆ ಸುರಿದ. ಡಬ್ಬ ಕೈಯಿಂದ ಜಾರಿ ಬಿದ್ದದ್ದು ಅವನಿಗೆ ಶಬ್ದ ಕೇಳಿದ ಮೇಲೆಯೇ ತಿಳಿಯಿತು. "ತಲೆಸ್ನಾನ ಮಾಡು. ಆ ಬಟ್ಟೆ ಮನೆಯೊಳಗೆ ತರಬೇಡ. ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಕೊಡು. ಯಾವ ಕೆಲಸ ಮಾಡ್ತಿದ್ದೆ ಅಂತ ನೀನೇ ಹೇಳು, ಅವರು ಕೇಳ್ದಿದ್ರೂ."

ಹಲೀನಾ ಹೋದಳು. ಬಾಯಿ ತೆರೆದರೆ ಪುಡಿ ಹೋಗುತ್ತದೇನೋ ಎಂಬಂತೆ ತುಟಿ ಬಿಗಿಹಿಡಿದಿದ್ದಳು.

ಮೆರವಣಿಗೆಯ ಶನಿವಾರ ಮರ್ಕ್ಯುರಿ ಟಾರ್ಪಾಲಿನ ಕೆಳಗೇ ಇತ್ತು. ಕಾಜ್ ಜಗಲಿಯಲ್ಲಿ ಫೋನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದು ಅದುರಿದರೆ ತಿಳಿಯುವುದಿಲ್ಲವೆಂದು ರಿಂಗ್ ಜೋರು ಮಾಡಿಸಿಕೊಂಡಿದ್ದ. ದೂರದಲ್ಲಿ ಎಂಜಿನ್‌ಗಳು ಗುಡುಗುತ್ತಿದ್ದವು, ಜನ ಚಪ್ಪಾಳೆ ತಟ್ಟುತ್ತಿದ್ದರು. ಹಲೀನಾಳ ರಕ್ತಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ನಾನು ಇದನ್ನು ಬರೆಯುವಾಗಲೂ ಬಂದಿಲ್ಲ.

ಆ ಕಾರುಗಳ ಚಿತ್ರ ನೋಡಿ ನೀವೂ ನಿಟ್ಟುಸಿರು ಬಿಡುತ್ತೀರಿ. ಆ ಕಾಲದ ಕೆಲಸವೇ ಕೆಲಸ ಅನ್ನುತ್ತೀರಿ. ಇನ್ನೊಮ್ಮೆ ನೋಡಿ. ಚಾವಣಿ ಮುಗಿದು ಬೆನ್ನು ಶುರುವಾಗುವಲ್ಲಿ ಬಿರುಕು ಇಲ್ಲ. ಅದು ಮಾಯವಾಗಿ ಯಾರ ಮೈ ಸೇರಿತು? ಮುಂದಿನ ಸಲ ಅಂಥ ಕಾರಿನ ಮುಂದೆ ನಿಂತಾಗ ಎಂಜಿನ್ ಎಷ್ಟು ದೊಡ್ಡದು ಎಂದು ಕೇಳಬೇಡಿ. ಇದನ್ನು ಸವರಿದವನ ಕೈ ಈಗ ಹೇಗಿದೆ ಎಂದು ಕೇಳಿ. ಮಾಲೀಕ ಉತ್ತರ ಕೊಡುವವರೆಗೂ ಅಲ್ಲಿಂದ ಕದಲಬೇಡಿ.